ಇಳಿಯುವ ಸದ್ದು

ನಮ್ಮೂರಿನಲ್ಲಿ ಮದುವೆಯ ಪಟ ತೆಗೆಯುವಾಗ ಯಾರೂ ಉಸಿರು ಬಿಡುವುದಿಲ್ಲ. ತಾಳಿ ಕಟ್ಟುವ ಹುಡುಗ ಗಂಟಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ಕಲ್ಲಾಗುತ್ತಾನೆ, ಅಕ್ಷತೆ ಹಿಡಿದ ಕೈಗಳು ಎತ್ತಿದಲ್ಲೇ ನಿಲ್ಲುತ್ತವೆ, ಹಸುಗೂಸು ಇರುವ ಹೆಂಗಸರು ಕಂಬದ ಹಿಂದೆ ಸರಿಯುತ್ತಾರೆ. ಕ್ಯಾಮೆರಾ ಕ್ಲಿಕ್ ಎಂದ ಮೇಲೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟು ಮತ್ತೆ ಗಲಾಟೆ ಶುರು ಮಾಡುತ್ತಾರೆ. ಅಲುಗಾಡುವ ಮೈಯ ಪಟ ತೆಗೆದರೆ ಆ ಅಲುಗಾಟ ಮೈಯನ್ನು ಬಿಟ್ಟು ಪಟಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅಂಚೆ ಓಣಿಯ ಸರ್ವಮಂಗಳ ತನ್ನ ಮದುವೆಯ ದಿನ ಸರಿಯಾಗಿ ಕ್ಲಿಕ್ಕಿನ ಹೊತ್ತಿಗೆ ನಕ್ಕುಬಿಟ್ಟಳು. ಆ ನಗು ಈಗ ಅವಳ ನಡುಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ ಅದನ್ನು ನೋಡಿ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ, ಅವಳು ಮುಖದಲ್ಲಿ ಏನೂ ಇಲ್ಲದೆ ಕಾಫಿ ತಂದುಕೊಡುತ್ತಾಳೆ.

ಇಂಥ ಊರಿನಲ್ಲಿ ನನಗೆ ಆಟದ ಪಟ ತೆಗೆಯುವ ಹುಚ್ಚು ಹತ್ತಿತು. ನಾನು ಗಿರಣಿ ದಾಕ್ಷಾಯಣಮ್ಮ. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೂ ಊರಿನ ರಾಗಿ, ಜೋಳ, ಅಕ್ಕಿಯನ್ನೆಲ್ಲ ಬೀಸಿಕೊಡುವವಳು. ರೆಪ್ಪೆಯ ಮೇಲೂ ಹಿಟ್ಟು ಕೂತಿರುವ ಹೆಂಗಸಿಗೆ ಕ್ಯಾಮೆರಾ ಯಾಕೆ ಎಂದು ಕೇಳಿದವರಿಗೆಲ್ಲ ನಾನು ಕೊಟ್ಟ ಉತ್ತರ ಒಂದೇ, ನಿಮ್ಮ ಅಪ್ಪನ ಮನೆ ಗಂಟೇನು ಹೋಯಿತು? ಮಿಲಿಟರಿಯಲ್ಲಿದ್ದ ನನ್ನ ತಮ್ಮ ರಜೆಗೆ ಬಂದಾಗ ಅದನ್ನು ತಂದುಕೊಟ್ಟಿದ್ದ. ಮನುಷ್ಯ ನೆಲ ಬಿಟ್ಟು ಮೇಲೆ ಹೋಗಿ, ಇನ್ನೂ ಕೆಳಗೆ ಬರದೆ ಇರುವ ಆ ಒಂದು ಗಳಿಗೆಯನ್ನು ನಾನು ಹಿಡಿಯಬೇಕಾಗಿತ್ತು. ಯಾಕೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ, ಅಷ್ಟು ಆಸೆ.

ನಮ್ಮೂರಿನ ಆಟ ಎಂದರೆ ವಾಲಿಬಾಲ್. ಮೈದಾನದ ಮಗ್ಗುಲಿಗೆ ಹೆಂಚಿನ ಒಂದು ಉದ್ದನೆಯ ಕೋಣೆಯಿದೆ, ಆಟದ ಮನೆ ಎನ್ನುತ್ತೇವೆ. ವಯಸ್ಸಾಗಿ ಆಟ ಬಿಡುವವನು ಕೊನೆಯ ದಿನ ಹಾರ ಹಾಕಿಸಿಕೊಂಡು, ಸ್ಟುಡಿಯೋ ಶೇಷಗಿರಿ ರಾಯರ ಕ್ಯಾಮೆರಾದ ಮುಂದೆ ಒಂದು ಸಲ ಜಿಗಿಯುತ್ತಾನೆ. ಆ ಜಿಗಿತ ಕಟ್ಟು ಹಾಕಿಸಿಕೊಂಡು ಆಟದ ಮನೆಯ ಗೋಡೆಗೆ ಹೋಗುತ್ತದೆ, ಜಿಗಿದವನು ಕಾಲೆಳೆದುಕೊಂಡು ಮನೆಗೆ ಹೋಗುತ್ತಾನೆ. ಸಂಜೆ ಹೊತ್ತು ಆ ಕೋಣೆಯೊಳಗೆ ನಿಂತರೆ ಗೋಡೆಯುದ್ದಕ್ಕೂ ಓಡಿಬರುವ ಹೆಜ್ಜೆಗಳ ಸದ್ದು ಕೇಳುತ್ತದೆ. ದಡದಡ ಓಡಿ ಬರುತ್ತವೆ, ನೆಲ ಒದೆಯುತ್ತವೆ, ಆಮೇಲೆ ಏನೂ ಇಲ್ಲ. ಯಾರೊಬ್ಬರೂ ಇಳಿದ ಸದ್ದು ಕೇಳುವುದಿಲ್ಲ. ಬೆಳಿಗ್ಗೆ ನೋಡಿದರೆ ಕಟ್ಟುಗಳೆಲ್ಲ ಸೊಟ್ಟಗಾಗಿರುತ್ತವೆ, ಮೈದಾನದ ಯಜಮಾನ ಹಾಲಪ್ಪನವರು ಒಂದೊಂದನ್ನೇ ನೆಟ್ಟಗೆ ಮಾಡಿ ಬೀಗ ಹಾಕುತ್ತಾರೆ.

ನಾನು ಮೊದಲು ಹೋದದ್ದು ಆ ಹಾಲಪ್ಪನವರ ಹತ್ತಿರವೇ. "ಗೆರೆ ಪಕ್ಕ ಒಂದಿಷ್ಟು ಜಾಗ ಕೊಡಿ ಹಾಲಪ್ಪನವರೇ, ಪಟ ತೆಗೆಯೋದು ಕಲೀಬೇಕು ಅಂತಿದೀನಿ" ಎಂದೆ.

"ಕಲಿಯೋಕೆ ಯಾರ ಕಾಲು ಕೊಡ್ಲಿ ತಾಯಿ? ಇವನ್ದು ಕೊಡ್ಲೋ, ಅವನ್ದು ಕೊಡ್ಲೋ?" ಎಂದು ಅವರು ನೆಟ್ ಕಟ್ಟುತ್ತಿದ್ದ ಹುಡುಗರ ಕಡೆ ಕೈ ತೋರಿಸಿದರು.

"ರಾಯರಿಗೆ ವಯಸ್ಸಾಯ್ತು. ಕೈ ನಡುಗುತ್ತೆ. ಅವರಾದ ಮೇಲೆ ಯಾರು ತೆಗೀತಾರೆ?"

"ಚೆನ್ನಾಗಿ ಕಲಿತೋರು ತೆಗೀತಾರೆ."

"ಕಲಿಯೋದೆಲ್ಲಿ ಮತ್ತೆ?"

"ಅದು ನಿಮ್ಮ ಪಾಡು. ಕಲ್ತ್ಕೊಂಡು ಬನ್ನಿ, ಜಾಗ ಕೊಡ್ತೀನಿ." ಇಷ್ಟು ಹೇಳಿ ಅವರು ಗೆರೆಗೆ ಸುಣ್ಣ ಹಾಕಲು ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ಗಿರಣಿಯ ಹಿತ್ತಿಲಲ್ಲಿ ಕಾಳು ಹೆಕ್ಕುತ್ತಿದ್ದ ಒಂದು ಕಾಗೆ ಹಾರುವಾಗ ಪಟ ತೆಗೆದೆ. ಕಾಗೆ ತಾನೇ ಎಂದುಕೊಂಡಿದ್ದೆ. ಅದು ಧೊಪ್ಪನೆ ನೆಲಕ್ಕೆ ಬಿದ್ದು, ಎದ್ದು, ರೆಕ್ಕೆ ಬಿಚ್ಚಿ ನೋಡಿ, ಮತ್ತೆ ಮಡಿಸಿಕೊಂಡು ನಡೆಯತೊಡಗಿತು. ಅವತ್ತಿನಿಂದ ಅದು ನಡೆದುಕೊಂಡೇ ಓಡಾಡುತ್ತದೆ. ಬೀದಿ ದಾಟುವಾಗ ಎರಡೂ ಕಡೆ ನೋಡುತ್ತದೆ. ಪಾಪ, ಅದಕ್ಕೆ ದಿನಾ ಅನ್ನ ಇಡಲು ಶುರು ಮಾಡಿದೆ.

ಶೇಷಗಿರಿ ರಾಯರಿಗೆ ಆ ಪಟ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ನೋಡಿ, "ರೆಕ್ಕೆ ಬಿಚ್ಚಿದ್ಮೇಲೆ ಒತ್ತಿದೀಯ. ಬಿಚ್ಚೋಕೆ ಮುಂಚೆ ಒತ್ತಬೇಕಾಗಿತ್ತು" ಎಂದರು. "ಕಣ್ಣಿಗೆ ಕಂಡಿದ್ದನ್ನ ಬೆರಳಿಗೆ ಹೇಳೋ ಹೊತ್ತಿಗೆ ಅದು ಆಗಿಹೋಗಿರುತ್ತೆ ಕಣಮ್ಮ. ಕಲಿಯೋರೆಲ್ಲ ತಡ ಮಾಡ್ತಾರೆ. ಮೊದಲು ರೀಲಿಲ್ಲದೆ ಕಲಿ."

ಹಾಗೆ ನಾನು ಖಾಲಿ ಕ್ಯಾಮೆರಾ ಹಿಡಿದು ಮತ್ತೆ ಮೈದಾನಕ್ಕೆ ಹೋದೆ. ಹಾಲಪ್ಪನವರು ಅದರ ಬೆನ್ನು ಬಿಚ್ಚಿಸಿ, ಒಳಗೆ ಕಣ್ಣಿಟ್ಟು, ಬೆರಳು ಹಾಕಿ ನೋಡಿದರು. ರೀಲು ಇಲ್ಲ ಎಂದು ಖಾತ್ರಿಯಾದ ಮೇಲೂ ಒಳಗೊಂದು ಸಲ ಊದಿದರು. ದಿನಾ ಇದೇ ಪೂಜೆ. ಆಟಗಾರರಿಗಂತೂ ಜೀವ ಕೈಯಲ್ಲಿ. ನಾನು ಕ್ಯಾಮೆರಾ ಎತ್ತಿದ ಕೂಡಲೇ ಎಲ್ಲರೂ ನಿಂತಲ್ಲೇ ಕಲ್ಲಾಗಿಬಿಡುತ್ತಿದ್ದರು, ಬಾಲು ಅವರ ನಡುವೆ ತನ್ನ ಪಾಡಿಗೆ ಬಿದ್ದು ಉರುಳಿಹೋಗುತ್ತಿತ್ತು. "ಆಡ್ರೋ, ಖಾಲಿ ಡಬ್ಬಿ ಅದು!" ಎಂದು ಹಾಲಪ್ಪನವರು ಬೈದರೆ ಒಂದೆರಡು ಹೆಜ್ಜೆ ಹಾಕಿ ಮತ್ತೆ ನನ್ನ ಕಡೆ ನೋಡುತ್ತಿದ್ದರು. ಮೈದಾನದ ಹುಣಸೆಮರ ಹೂ ಬಿಟ್ಟು ಕಾಯಾಗುವ ಹೊತ್ತಿಗೆ ನಾನು ಅಲ್ಲಿರುವುದು ಅವರಿಗೆ ಮರೆತೇಹೋಯಿತು. ನಾನು ಒತ್ತುತ್ತಲೇ ಇದ್ದೆ, ಪ್ರತಿ ಸಲವೂ ನನಗೇ ಗೊತ್ತಾಗುತ್ತಿತ್ತು, ತಡ.

ಖಾಸಿಂ ನನ್ನ ಮಗನ ತಂಡದವನು, ಹೊಡೆಯುವವನಿಗೆ ಬಾಲು ಎತ್ತಿಕೊಡುವ ಲಿಫ್ಟಿನಲ್ಲಿ ಅವನನ್ನು ಬಿಟ್ಟರೆ ಇಲ್ಲ. ಸರ್ವಿಸ್ ಮಾಡುವಾಗ ಮಾತ್ರ ಅವನ ಎಡಗಾಲು ತಾನಾಗಿಯೇ ಗೆರೆ ತುಳಿಯುತ್ತಿತ್ತು. ಒಂದು ಸಂಜೆ ಅವನು ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. "ಅಮ್ಮಾ, ನನ್ನ ಈ ದರಿದ್ರ ಕಾಲು ಗೆರೆ ತುಳಿಯೋದೊಂದನ್ನ ತೆಗೆದುಬಿಡಿ. ಒಳ್ಳೇದು ಹೋದ್ರೆ ತಾನೇ ಭಯ? ಕೆಟ್ಟದ್ದು ಹೋಗ್ಲಿ ಬಿಡಿ."

ಇದು ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಾಲಪ್ಪನವರು ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಕಡೆಗೆ ರೀಲು ಹಾಕಲು ಒಪ್ಪಿದರು. ಗೆರೆ ತುಳಿಯುವುದು ನಿಧಾನದ ಕೆಲಸ, ನನಗೆ ಸಿಕ್ಕಿತು. ಮಾರನೆಯ ದಿನದಿಂದ ಖಾಸಿಮನ ಕಾಲು ಗೆರೆಯ ಹಿಂದೆಯೇ ನಿಂತಿತು. ತಂಡದವರೆಲ್ಲ ಅವನನ್ನು ಎತ್ತಿ ಕುಣಿದರು. ಹಾಲಪ್ಪನವರು ಹಳದಿ ಬಟ್ಟೆಯ ಪಟ್ಟಿಯೊಂದನ್ನು ತಂದು ನನ್ನ ತೋಳಿಗೆ ಕಟ್ಟಿ, "ಇನ್ಮೇಲೆ ಗೆರೆ ಪಕ್ಕ ಕೂತ್ಕೋಬಹುದು. ಕೇಳ್ಕೊಂಡು ಬಂದೋರದ್ದು ಮಾತ್ರ, ಕೆಟ್ಟದ್ದು ಮಾತ್ರ" ಎಂದರು. ನನಗೆ ಅವತ್ತು ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಆಟದವರಷ್ಟೇ ಅಲ್ಲ, ಊರವರೂ ಬರತೊಡಗಿದರು. ಗೂನು ಬೆನ್ನು ಮಾಡಿ ನಡೆಯುವವರು, ಮಾತಿನ ನಡುವೆ ಭುಜ ಕುಣಿಸುವವರು. ನೂಲಿನ ಅಂಗಡಿಯ ಹೊನ್ನಮ್ಮ ಬಂದು ಕಣ್ಣೀರು ಹಾಕಿದಳು. "ಮಗಳನ್ನ ಹೊಡೆಯೋಕೆ ಕೈ ತಾನಾಗೇ ಎದ್ದುಬಿಡುತ್ತೆ ಅಕ್ಕಾ. ಈ ಕೈಯನ್ನ ಏನಾದ್ರೂ ಮಾಡಿ." ನಾನು ಅವಳ ಎತ್ತಿದ ಕೈ ತೆಗೆದೆ. ಅವಳು ಮತ್ತೆ ಹೊಡೆಯಲಿಲ್ಲ, ನಿಜ. ಆದರೆ ಆ ಕೈ ಭುಜದಿಂದ ಮೇಲಕ್ಕೆ ಏಳುವುದೇ ನಿಂತಿತು. ಈಗ ತಂತಿಯ ಮೇಲೆ ಬಟ್ಟೆ ಹರವಲು ಅವಳ ಮಗಳೇ ಬರಬೇಕು, ಅವಳ ತಲೆ ಬಾಚಲೂ ಮಗಳೇ ಬರಬೇಕು. "ಪರವಾಗಿಲ್ಲ ಬಿಡಿ ಅಕ್ಕಾ" ಎಂದಳು ಹೊನ್ನಮ್ಮ. ನನಗೆ ಪರವಾಗಿಲ್ಲ ಎನ್ನಲು ಆಗಲಿಲ್ಲ. ಕೆಲವು ವಾರ ನಾನು ರೀಲು ಹಾಕಲಿಲ್ಲ.

ನನ್ನ ಮಗ ಉಮಾಪತಿ ಬಂದು ಕೇಳಿದ್ದು ಆಗಲೇ. ಅವನು ತಂಡದ ಸ್ಮ್ಯಾಶರ್. ಹೆತ್ತವಳು ಹೇಳಬಾರದು, ದೃಷ್ಟಿಯಾಗುತ್ತದೆ, ಆದರೂ ಹೇಳುತ್ತೇನೆ, ಅವನು ಜಿಗಿದರೆ ಜನ ಕೈಯಲ್ಲಿದ್ದ ಚಹಾ ಕುಡಿಯುವುದನ್ನು ಮರೆಯುತ್ತಿದ್ದರು. ಅವನದ್ದೂ ಒಂದೇ ದೋಷ. ಬಾಲು ಹೊಡೆದು ಇಳಿಯುವಾಗ ಬಲ ಮೊಣಕೈ ನೆಟ್ಟಿಗೆ ಸವರಿಬಿಡುತ್ತಿತ್ತು. ಪೀಪಿ ಊದುತ್ತಿದ್ದರು, ಗೆದ್ದ ಪಾಯಿಂಟು ಆಚೆಯವರಿಗೆ ಹೋಗುತ್ತಿತ್ತು. ಹೊಳೆಯಾಚೆಯ ಊರಿನ ಮೇಲೆ ಫೈನಲ್ ಬಂದಿತ್ತು. ನೆಟ್ ಮುಟ್ಟುವವನನ್ನು ಈ ಸಲ ಆಟಕ್ಕೆ ಇಳಿಸುವುದಿಲ್ಲ ಎಂದು ಹಾಲಪ್ಪನವರು ಮುಖದ ಮೇಲೆ ಹೇಳಿದ್ದರು.

"ಅವ್ವ, ಖಾಸಿಮಂದು ತೆಗೆದೆ. ನಂದು ತೆಗೆಯಲ್ವಾ?"

"ಹೊನ್ನಮ್ಮನ ಕೈ ನೋಡಿದೀಯಲ್ಲ. ನಿನಗೇನಾದ್ರೂ ಆದ್ರೆ ನಾನೆಲ್ಲಿಗೆ ಹೋಗ್ಲಿ?"

"ನನ್ನನ್ನ ತಂಡದಿಂದ ಕಿತ್ತಾಕಿದ್ರೆ ನಾನೆಲ್ಲಿಗೆ ಹೋಗ್ಲಿ? ಮೊಣಕೈ ನೆಟ್ಟಿಗೆ ತಾಗೋದು, ಅಷ್ಟೇ ಅವ್ವ. ಅಷ್ಟು ಮಾತ್ರ ತೆಗಿ."

ನಾನು ಆಗಲ್ಲ ಎಂದೆ. ಅವನು ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ, ನನ್ನ ಮುಖ ನೋಡುತ್ತಿರಲಿಲ್ಲ. ಮಗನ ಹಟಕ್ಕೆ ಕರಗಿದೆ ಎಂದು ಹೇಳಿದರೆ ಅದು ಅರ್ಧ ಮಾತು. ಅವನನ್ನು ಗಾಳಿಯಲ್ಲಿ ಹಿಡಿಯಬೇಕು ಎಂಬ ಆಸೆ ನನಗೂ ಇತ್ತು. ಫೈನಲ್ಲಿನ ಹಿಂದಿನ ದಿನ ಬೆಳಿಗ್ಗೆ ಹಳದಿ ಪಟ್ಟಿ ಕಟ್ಟಿಕೊಂಡು ಗೆರೆ ಪಕ್ಕ ಕೂತೆ. ಖಾಸಿಂ ಲಿಫ್ಟ್ ಮಾಡಿದ, ಉಮಾಪತಿ ಓಡಿಬಂದು ಎದ್ದ, ಹೊಡೆದ, ನಾನು ಒತ್ತಿದೆ. ಅವನು ಇಳಿದು ಮೊಣಕೈ ಉಜ್ಜಿಕೊಂಡು ನಕ್ಕ. "ಸಾಕು, ನಾಳೆವರೆಗೂ ಇನ್ನು ಜಿಗಿಯಲ್ಲ, ಕಾಲು ಉಳಿಸ್ಕೋತೀನಿ" ಎಂದ.

ರೀಲು ತೊಳೆಯುವ ಔಷಧಿ ರಾಯರ ಹತ್ತಿರ ಮುಗಿದಿತ್ತು, ಪಟ ಆಗುವಾಗ ಮಾರನೆಯ ಮಧ್ಯಾಹ್ನವಾಯಿತು. ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಇಬ್ಬರೂ ತಟ್ಟೆಯ ಮೇಲೆ ಬಗ್ಗಿ ನಿಂತಿದ್ದೆವು. ಹೊರಗೆ ಮೈದಾನದ ಕಡೆಯಿಂದ ತಮಟೆ ಕೇಳುತ್ತಿತ್ತು. ಕಾಗದದ ಮೇಲೆ ಉಮಾಪತಿ ನಿಧಾನವಾಗಿ ಮೂಡಿದ. ಮೊಣಕೈ ನೆಟ್ಟಿನಿಂದ ಆಗಲೇ ದೂರ ಬಂದಿತ್ತು. ಎರಡೂ ಪಾದಗಳು ನೆಲದ ಕಡೆ ಬರುತ್ತಿದ್ದವು, ಇನ್ನೂ ಮುಟ್ಟಿರಲಿಲ್ಲ. ಪಟದಲ್ಲಿ ಇದ್ದದ್ದು ಅಷ್ಟೇ, ಮೇಲಿನಿಂದ ಕೆಳಕ್ಕೆ ಬರುವ ಒಬ್ಬ ಹುಡುಗ.

"ತಡ ಮಾಡಿದೆ ತಾಯಿ" ಎಂದರು ರಾಯರು, ದನಿಯೇ ಇಲ್ಲದೆ. "ತಾಗೋದು ಸಿಗಲಿಲ್ಲ. ಇಳಿಯೋದು ಸಿಕ್ಕಿದೆ. ನಿನ್ನೆ ಇಳಿದಿದ್ದೇ ಕೊನೇದು."

ಒದ್ದೆ ಪಟ ಹಿಡಿದುಕೊಂಡೇ ಓಡಿದೆ. ಜಿಗಿಯಬೇಡವೋ, ಜಿಗಿಯಬೇಡವೋ ಎಂದು ಕೂಗುತ್ತ ಓಡಿದೆ, ಆ ತಮಟೆಯಲ್ಲಿ ಯಾರಿಗೆ ಕೇಳಬೇಕು? ಮೈದಾನದ ತಿರುವಿಗೆ ಬಂದಾಗ ಜನ ಹೋ ಎಂದದ್ದು ಕೇಳಿತು. ಆಮೇಲೆ ತಮಟೆ ನಿಂತಿತು, ಜನರ ಸದ್ದೂ ನಿಂತಿತು.

ಆಟ ಶುರುವಾಗಿ ಅವನಿಗೆ ಬಂದ ಮೊದಲ ಲಿಫ್ಟ್ ಅದು. ಬಾಲು ಆಚೆಯವರ ನೆಲಕ್ಕೆ ಬಿದ್ದು ಎಲ್ಲೋ ಉರುಳಿಹೋಗಿತ್ತು. ನೆಟ್ ಅಲುಗಾಡಿರಲಿಲ್ಲ. ಉಮಾಪತಿ ನೆಟ್ಟಿಗಿಂತ ಮೇಲೆ, ಹೊಡೆದ ಕೈ ಮುಂದೆ ಚಾಚಿಕೊಂಡು, ಹಾಗೇ ಇದ್ದ. ಗಾಳಿ ಬಂದಾಗ ಒಂದಿಷ್ಟು ಹುಣಸೆಮರದ ಕಡೆ ಸರಿದ. ಪೀಪಿಯವನು ಪೀಪಿ ಬಾಯಲ್ಲಿಟ್ಟುಕೊಂಡು ಹಾಲಪ್ಪನವರ ಕಡೆ ನೋಡಿ, "ಹೊಡೆದೋನ ಕಾಲು ನೆಲಕ್ಕೆ ಬರೋವರೆಗೂ ಪಾಯಿಂಟ್ ಕೊಡಂಗಿಲ್ಲ ಯಜಮಾನ್ರೇ" ಎಂದ. ಯಾರೂ ನಗಲಿಲ್ಲ.

ಉಮಾಪತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ, ಅದಕ್ಕೇ ನನ್ನ ಎದೆ ಒಡೆಯಿತು. "ಅವ್ವ, ಇಳಿಯೋದು ಹೇಗೆ ಅಂತ ಗೊತ್ತಾಗ್ತಿಲ್ಲ" ಎಂದ.

ಖಾಸಿಂ ಇನ್ನೊಬ್ಬನ ಹೆಗಲೇರಿ ಅವನ ಪಾದ ಹಿಡಿದು ಎಳೆದ. ನೆಲಕ್ಕೆ ಮುಟ್ಟಿಸಿ ಒತ್ತಿಹಿಡಿದ ಮೇಲೆ ಅವನು ಎಲ್ಲರಂತೆ ನಿಂತ, ನಡೆದ. ಆಚೆ ಊರಿನವರು ಪಾಯಿಂಟು ಬಿಟ್ಟುಕೊಟ್ಟು, ಆಟವನ್ನೂ ಬಿಟ್ಟುಕೊಟ್ಟು, ಹಿಂದೆ ನೋಡದೆ ಹೊಳೆ ದಾಟಿದರು. ನಾವು ಗೆದ್ದೆವಂತೆ.

ನಡೆದಾಡಿಕೊಂಡಿದ್ದರೆ ಸಾಕು, ಜಿಗಿಯದಿದ್ದರೆ ಆಯಿತು ಎಂದುಕೊಂಡೆವು. ಅದು ಅಷ್ಟು ಸುಲಭವಾಗಿರಲಿಲ್ಲ. ಮನೆ ಮುಂದಿನ ಚರಂಡಿಯನ್ನು ಅಭ್ಯಾಸದ ಮೇಲೆ ಜಿಗಿದು ದಾಟಿಬಿಟ್ಟ, ಎದುರು ಮನೆಯವರು ಬಟ್ಟೆ ಒಣಹಾಕುವ ಬಿದಿರಿನ ಗಳು ತಂದು ಕೆಳಗಿಳಿಸಿದರು. ಬಸ್ಸಿನ ಮೆಟ್ಟಿಲಿಂದ ಧುಮುಕಲು ಹೋಗಿ ಬಾಗಿಲಲ್ಲೇ ಗಾಳಿಯಲ್ಲಿ ನಿಂತ, ಹಿಂದಿನವರು ಬೈದರು. ಊರು ಬೇಗ ಹೊಂದಿಕೊಂಡಿತು, ಅವನ ಪಕ್ಕ ನಡೆಯುವವರು ಅವನ ಅಂಗಿಯ ಚುಂಗು ಹಿಡಿದುಕೊಳ್ಳುವುದನ್ನು ಕಲಿತರು. ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಹಾಸಿಗೆ ಖಾಲಿ. ಹೊದಿಕೆಯ ತುದಿ ನನ್ನ ಹಣೆಗೆ ತಾಗಿತು. ಕನಸಿನಲ್ಲಿ ಕಾಲು ಝಾಡಿಸಿದ್ದನೋ ಏನೋ, ಅವನು ಮೇಲೆ ಜಂತಿಗೆ ಬೆನ್ನು ತಾಗಿಸಿಕೊಂಡು ಹಾಯಾಗಿ ನಿದ್ದೆ ಮಾಡುತ್ತಿದ್ದ. ಬೇಸಿಗೆಗೆ ಅವನು ಅಂಗಳದಲ್ಲಿ ಮಲಗುವವನು. ಅಂಗಳದ ಮೇಲೆ ಜಂತಿ ಇಲ್ಲ.

ಅವತ್ತಿನಿಂದ ಸೀರೆಯಿಂದ ಅವನ ಸೊಂಟವನ್ನು ಮಂಚಕ್ಕೆ ಕಟ್ಟುತ್ತಿದ್ದೆ. ಮೊದಮೊದಲು ಅವನಿಗೆ ನಗು ಬರುತ್ತಿತ್ತು. ಪಟವನ್ನು ಸುಟ್ಟುಬಿಡಲೇ ಎಂದು ರಾಯರನ್ನು ಕೇಳಿದೆ. "ಈಗ ಎಲ್ಲೋ ಒಂದು ಕಡೆ ಇದೆ. ಸುಟ್ಟರೆ ಎಲ್ಲೂ ಇರಲ್ಲ" ಎಂದರು.

ಹಾಲಪ್ಪನವರು ಗಿರಣಿಗೆ ಬಂದು ಮೂಟೆಯ ಮೇಲೆ ಕೂತರು. ಆಮೇಲೆ, "ಜಿಗಿತಾನೂ ತೆಗೆದುಬಿಡಿ ತಾಯಿ. ಏರೋದೇ ಇಲ್ದಿದ್ರೆ ಇಳಿಯೋ ಗೊಡವೆ ಇರಲ್ಲ. ಹುಡುಗ ಭೂಮಿ ಮೇಲೆ ಉಳೀತಾನೆ" ಎಂದರು.

"ಇಪ್ಪತ್ತೆರಡು ವರ್ಷದ ಹುಡುಗನಿಗೆ ಕೊನೇ ಪಟವಾ?" ಎಂದು ನಾನು ಅವರ ಮೇಲೆ ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಉಮಾಪತಿ ಗಿರಣಿಯ ಬೆಲ್ಟು ಹಿಡಿದು ನಿಂತಿದ್ದ.

"ಆಗ್ಲಿ" ಎಂದ ಅವನು.

"ರಾಯರೇ ತೆಗೀಲಿ ಹಾಗಾದ್ರೆ" ಎಂದೆ.

"ರಾಯರ ಕೈ ನಡುಗುತ್ತೆ. ನೀನೇ ತೆಗಿ ಅವ್ವ."

"ಮತ್ತೆ ತಡವಾದ್ರೆ? ಅರ್ಧ ಹೋಗಿ ಅರ್ಧ ಉಳಿದ್ರೆ ಏನೋ ಮಾಡ್ಲಿ?"

"ಈ ಸಲ ಆಗಲ್ಲ" ಎಂದ. ಅಷ್ಟು ನಂಬಿಕೆ ಅವನಿಗೆ ಎಲ್ಲಿಂದ ಬಂತೋ.

ಮೈದಾನದ ತುಂಬ ಜನ ಸೇರಿದ್ದರು. ಹಾರ ಹಾಕಿದರು, ಕಾಯಿ ಒಡೆದರು. ಗಿರಣಿಯಲ್ಲಿ ಮೂಟೆ ಎತ್ತುವ ಹಗ್ಗವನ್ನು ಅವನ ಸೊಂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ತಂಡದವರೆಲ್ಲ ಹಿಡಿದುಕೊಂಡರು. ನಾನು ಬೇಡಿದ್ದು ಗೆರೆ ಪಕ್ಕದ ಜಾಗ, ಅವತ್ತು ಗೆರೆಯ ಒಳಗೇ, ನೆಟ್ಟಿನ ಬುಡದಲ್ಲಿ, ಹಾಲಪ್ಪನವರೇ ಕೈಯಿಂದ ಮಣ್ಣು ಸವರಿ ಕೂರಿಸಿದರು. ಖಾಸಿಂ ಲಿಫ್ಟ್ ಮಾಡಿದ, ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಉಮಾಪತಿ ಓಡಿ ಬಂದ. ನಾನು ನೋಡುವುದನ್ನು ಬಿಟ್ಟೆ. ಅವನು ನನ್ನ ಹೊಟ್ಟೆಯಲ್ಲಿದ್ದಾಗ ಒದೆಯುವ ಮುಂಚೆಯೇ ನನಗೆ ಗೊತ್ತಾಗುತ್ತಿತ್ತು. ಹಾಗೆ ಒತ್ತಿದೆ.

ಹಗ್ಗ ಎಳೆದು ಅವನನ್ನು ಮೆಲ್ಲಗೆ ಇಳಿಸಿದರು. ನೆಲ ಮುಟ್ಟಿದ ಮೇಲೆ ಅವನು ಒಂದು ಸಲ ಜಿಗಿಯಲು ನೋಡಿದ. ಮಂಡಿ ಬಗ್ಗಿತು, ಹಿಮ್ಮಡಿ ಏಳಲಿಲ್ಲ. ಇನ್ನೊಂದು ಸಲ ನೋಡಿದ. ಆಮೇಲೆ ಸೊಂಟದ ಹಗ್ಗ ಬಿಚ್ಚಿ, ಚೆನ್ನಾಗಿ ಸುತ್ತಿ ನನ್ನ ಕೈಗೆ ಕೊಟ್ಟ.

ಆ ಪಟದಲ್ಲಿ ಒಂದು ಕೂದಲಿನಷ್ಟೂ ತಡವಿಲ್ಲ. ರಾಯರು ಅದನ್ನು ಕಣ್ಣಿಗೊತ್ತಿಕೊಂಡು, ತಮ್ಮ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಊರ ಪಟಗಳೆಲ್ಲ ಈಗ ನನ್ನವೇ. ಜನ ಆಟದ ಮನೆಗೆ ಬಂದು ಉಮಾಪತಿಯ ಪಟದ ಮುಂದೆ ನಿಂತು ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ನನಗೆ ಅವರನ್ನು ಹೊಡೆಯಬೇಕು ಅನ್ನಿಸುತ್ತದೆ. ಹಾಲಪ್ಪನವರು ಏನು ಯೋಚಿಸಿದರೋ, ನಾನು ತಡವಾಗಿ ಒತ್ತಿದ್ದ ಆ ಇಳಿಯುವ ಪಟಕ್ಕೂ ಕಟ್ಟು ಹಾಕಿಸಿ ಅದರ ಪಕ್ಕದಲ್ಲೇ ತೂಗುಹಾಕಿದರು. ಆಟದ ಮನೆಯ ಬೀಗದ ಕೈ ಒಂದನ್ನು ನನಗೂ ಕೊಟ್ಟಿದ್ದಾರೆ.

ಉಮಾಪತಿ ಈಗ ಗಿರಣಿ ನೋಡಿಕೊಳ್ಳುತ್ತಾನೆ. ಚರಂಡಿ ದಾಟುವುದಿಲ್ಲ, ಮೂಲೆಯ ಮೋರಿಯ ಮೇಲಿಂದ ಸುತ್ತಿಕೊಂಡು ಬರುತ್ತಾನೆ, ಆ ಕಾಗೆಯೂ ಅವನ ಜೊತೆ ಸುತ್ತಿಕೊಂಡು ಬರುತ್ತದೆ. ಸಂಜೆ ಗಿರಣಿ ನಿಲ್ಲಿಸಿದ ಮೇಲೆ ನಾನು ಆಟದ ಮನೆಗೆ ಹೋಗುತ್ತೇನೆ. ಗೋಡೆಯುದ್ದಕ್ಕೂ ಹೆಜ್ಜೆಗಳು ಓಡಿ ಬರುತ್ತವೆ, ನೆಲ ಒದೆಯುತ್ತವೆ, ನಿಲ್ಲುತ್ತವೆ. ನಾನು ಕಾಯುತ್ತೇನೆ. ಪ್ರತಿ ಸಲವೂ ಇವತ್ತು ಕೇಳುವುದಿಲ್ಲವೇನೋ ಎಂದು ಜೀವ ಬಾಯಿಗೆ ಬರುತ್ತದೆ. ಆಮೇಲೆ ಆ ಎರಡು ಕಟ್ಟುಗಳ ನಡುವಿನಿಂದ ಕೇಳುತ್ತದೆ, ಒಬ್ಬನೇ ಒಬ್ಬ ನೆಲಕ್ಕೆ ಬಂದ ಸದ್ದು, ಧಪ್ ಎಂದು. ಸೊಟ್ಟಗಾದ ಕಟ್ಟುಗಳನ್ನು ನೆಟ್ಟಗೆ ಮಾಡಿ, ಬೀಗ ಹಾಕಿ ಮನೆಗೆ ಬರುತ್ತೇನೆ.

ಉಮಾಪತಿ ಬಾಗಿಲಲ್ಲಿ ನಿಂತಿರುತ್ತಾನೆ, ಮೈಯೆಲ್ಲ ಹಿಟ್ಟು. ಮುಖ ಬೇರೆ ಕಡೆ ಮಾಡಿಕೊಂಡು ಕೇಳುತ್ತಾನೆ, "ಇಳಿದ್ನಾ ಅವ್ವ?"

"ಇಳಿದ ಕಣಪ್ಪ" ಎನ್ನುತ್ತೇನೆ. "ಬಾ, ಊಟ ಮಾಡು."